ಹತ್ತು ದಿನದ ಊರು

ಮುಂಬಯಿಯಲ್ಲಿ ಯಾರಾದರೂ ‘ಹತ್ತು ದಿನ ಇಗತಪುರಿಗೆ ಹೋಗಿದ್ದೆ’ ಅಂದರೆ ಎದುರಿನವರು ಅಲ್ಲಿನ ಮಳೆಯ ಸುದ್ದಿ ಕೇಳುವುದಿಲ್ಲ. ‘ಮಾತಾಡದೆ ಹೆಂಗಿದ್ರಿ?’ ಅಂತ ಕೇಳುತ್ತಾರೆ. ಕಸಾರಾ ಘಾಟು ಹತ್ತಿದ ಮೇಲೆ ಸಿಗುವ ಈ ರೈಲ್ವೆ ಊರಿನಲ್ಲಿ 1976ರಲ್ಲಿ ಸತ್ಯನಾರಾಯಣ ಗೋಯೆಂಕಾ ಅವರ ‘ಧಮ್ಮಗಿರಿ’ ಆರಂಭವಾದಾಗಿನಿಂದ ಇಗತಪುರಿ ಅಂದರೆ ವಿಪಶ್ಯನೆ ಅಂತಲೇ ಆಗಿಹೋಗಿದೆ. ಬ್ಯಾಂಕಿನವರು, ರೈಲ್ವೆಯವರು, ಗುಜರಾತಿ ವ್ಯಾಪಾರಸ್ಥರು, ಪರೀಕ್ಷೆ ಮುಗಿಸಿದ ಹುಡುಗರು, ಗಂಡನೊಡನೆ ಜಗಳಾಡಿದ ಹೆಂಗಸರು, ಎಲ್ಲರೂ ಹೋಗುತ್ತಾರೆ. ನಮ್ಮ ಕನ್ನಡದವರೂ ಹೋಗುತ್ತಾರೆ. ಹೋಗಿ ಬಂದವರಲ್ಲಿ ಅರ್ಧ ಮಂದಿ ಭಕ್ತರಾಗಿ ಬರುತ್ತಾರೆ, ಉಳಿದರ್ಧ ಮಂದಿ ಮೊಣಕಾಲು ಹಿಡಿದುಕೊಂಡು ಬರುತ್ತಾರೆ. ಅಲ್ಲಿ ನಡೆಯುವುದನ್ನು ಒಂದು ಪುಸ್ತಕ ಓದಿದ ಹಾಗೆ ಓದಿ, ಚಲೋ ಯಾವುದು, ಕೊರತೆ ಯಾವುದು ಅಂತ ಹೇಳಿದವರು ಕಡಿಮೆ. ಈ ಲೇಖನದಲ್ಲಿ ಅದನ್ನೇ ಮಾಡಲು ನೋಡಿದ್ದೇನೆ.

ನಾನು ಕೂತದ್ದು 2016ರಲ್ಲಿ, ಇಗತಪುರಿಯಲ್ಲಲ್ಲ, ಅದೇ ಪದ್ಧತಿಯ ಬೇರೊಂದು ಚಿಕ್ಕ ಕೇಂದ್ರದಲ್ಲಿ. ಅದರ ಹೆಸರು ಇಲ್ಲಿ ಬೇಡ. ಪದ್ಧತಿ ಎಲ್ಲ ಕಡೆ ಒಂದೇ. ಬೆಂಗಳೂರಿನ ಹತ್ತಿರದ ಧಮ್ಮಪಫುಲ್ಲದಲ್ಲಿ ಕೂತರೂ, ಹೈದರಾಬಾದಿನ ಧಮ್ಮಖೇತ್ತದಲ್ಲಿ ಕೂತರೂ ಅದೇ ಗಂಟೆ, ಅದೇ ಧ್ವನಿ.

ನಸುಕಿನ ನಾಲ್ಕಕ್ಕೆ ಗಂಟೆ. ನಾಲ್ಕೂವರೆಯಿಂದ ಆರೂವರೆವರೆಗೆ ಧ್ಯಾನ. ಆಮೇಲೆ ತಿಂಡಿ. ಎಂಟಕ್ಕೆ ಸಾಮೂಹಿಕ ಧ್ಯಾನ. ಹನ್ನೊಂದಕ್ಕೆ ಊಟ. ಮಧ್ಯಾಹ್ನ ಒಂದರಿಂದ ಐದರವರೆಗೆ ಮತ್ತೆ ಕೂಡುವುದು. ಐದಕ್ಕೆ ಚಹಾ, ಒಂದಿಷ್ಟು ಚುರಮುರಿ, ಹಣ್ಣು. ಹಳೆಯ ಸಾಧಕರಿಗೆ ಅದೂ ಇಲ್ಲ, ಬರೀ ಲಿಂಬೂನೀರು. ಆರಕ್ಕೆ ಮತ್ತೆ ಧ್ಯಾನ, ಏಳಕ್ಕೆ ಪ್ರವಚನ, ಒಂಬತ್ತೂವರೆಗೆ ದೀಪ ಆರಿಸಬೇಕು. ಒಟ್ಟು ಲೆಕ್ಕ ಹಾಕಿದರೆ ದಿನಕ್ಕೆ ಹತ್ತು ತಾಸಿನ ಮೇಲೆ ಕೂಡಬೇಕು. ಮೊದಲ ಮೂರೂವರೆ ದಿನ ಮೂಗಿನ ಹೊಳ್ಳೆಯಲ್ಲಿ ಓಡಾಡುವ ಉಸಿರನ್ನಷ್ಟೇ ನೋಡುವುದು. ಇದಕ್ಕೆ ಆನಾಪಾನ ಅಂತ ಹೆಸರು. ನಾಲ್ಕನೆಯ ದಿನದಿಂದ ವಿಪಶ್ಯನೆ. ನೆತ್ತಿಯಿಂದ ಹೆಬ್ಬೆರಳ ತನಕ ಮೈಯೊಳಗೆ ಏಳುವ ನೋವು, ತುರಿಕೆ, ಬಿಸಿ, ಜುಮ್ಮು ಎಲ್ಲವನ್ನೂ ನೋಡುತ್ತ ಹೋಗುವುದು, ಯಾವುದಕ್ಕೂ ‘ಬೇಕು’, ‘ಬ್ಯಾಡ’ ಅನ್ನದೆ ಇರುವುದು. ಅಲ್ಲಿಂದ ಮುಂದೆ ದಿನಕ್ಕೆ ಮೂರು ಸಲ, ಒಂದೊಂದು ತಾಸು, ಕೈ ಕಾಲು ಕಣ್ಣು ಅಲುಗಿಸದೆ ಕೂಡಬೇಕು. ಹತ್ತನೆಯ ದಿನ ಬೆಳಿಗ್ಗೆ ಮೌನ ಮುರಿಯುತ್ತದೆ.

ಮೊದಲು ಚಲೋ ಮಾತು. ಈ ಹತ್ತು ದಿನಕ್ಕೆ ಒಂದು ಪೈಸೆ ಕೇಳುವುದಿಲ್ಲ. ಊಟಕ್ಕೂ ಇಲ್ಲ, ಇರುವುದಕ್ಕೂ ಇಲ್ಲ. ಕಡೆಗೆ ಕೊಡಬೇಕೆನಿಸಿದರೆ ಕೊಡಬಹುದು. ಒಂದು ಶಿಬಿರವನ್ನಾದರೂ ಪೂರ್ತಿ ಮುಗಿಸದವರಿಂದ ದಾನ ತೆಗೆದುಕೊಳ್ಳುವುದೇ ಇಲ್ಲ. ಎಲ್ಲಕ್ಕೂ ಡಿಪಾಜಿಟ್ ಕೇಳುವ ಮುಂಬಯಿಯಲ್ಲಿ ಹದಿನೆಂಟು ವರ್ಷ ಬಾಡಿಗೆ ಮನೆಯಲ್ಲಿ ತೆಗೆದ ನನಗೆ ಇದು ದೊಡ್ಡ ಸಂಗತಿ ಅನಿಸಿತು. ಉಣಬಡಿಸುವವರೂ ಹಿಂದೊಮ್ಮೆ ಹೀಗೇ ಕೂತು ಹೋದವರು. ನನ್ನ ತಾಟಿಗೆ ಖಿಚಡಿ ಹಾಕಿದವರು ಒಂದು ದೊಡ್ಡ ಕಂಪನಿಯ ಲೆಕ್ಕಪತ್ರದ ಮುಖ್ಯಸ್ಥರಂತೆ. ಅದು ಗೊತ್ತಾದದ್ದು ಕಡೆಯ ದಿನ.

ಇನ್ನು ಪ್ರವಚನ. ಗೋಯೆಂಕಾ 2013ರಲ್ಲಿ ತೀರಿಕೊಂಡರು. ಆದರೆ ಶಿಬಿರದಲ್ಲಿ ಗುರು ಅಂದರೆ ಅವರ ಧ್ವನಿಮುದ್ರಿಕೆಯೇ. ಎದುರಿಗೆ ಕೂತ ಸಹಾಯಕ ಆಚಾರ್ಯರು ಗುಂಡಿ ಒತ್ತುತ್ತಾರೆ, ಮಧ್ಯಾಹ್ನ ಸಂದೇಹಗಳಿಗೆ ಚುಟುಕಾಗಿ ಉತ್ತರ ಹೇಳುತ್ತಾರೆ, ಅಷ್ಟೆ. ಹತ್ತು ಸಂಜೆಯ ಆ ಪ್ರವಚನಗಳು ಒಳ್ಳೇ ಕಟ್ಟುಳ್ಳವು. ಕತೆ ಇದೆ, ನಗೆ ಇದೆ, ತನ್ನನ್ನೇ ಗೇಲಿ ಮಾಡಿಕೊಳ್ಳುವ ಧೈರ್ಯ ಇದೆ. ಮಾರವಾಡಿ ಸೆಳೆತದ ಹಿಂದಿ. ಕೇಳುವವನ ಆ ದಿನದ ಕಷ್ಟ ಏನೆಂದು ಗೊತ್ತಿದ್ದು ಅದನ್ನೇ ಮುಟ್ಟುತ್ತಾರೆ. ಬೆಳಿಗ್ಗೆ ಓಡಿಹೋಗಬೇಕು ಅಂದುಕೊಂಡವನಿಗೆ ಸಂಜೆ ಅವರು ‘ಎಲ್ಲರಿಗೂ ಹೀಗೇ ಅನಿಸುತ್ತದೆ’ ಅಂದಾಗ ಬ್ಯಾಗಿನ ಚೈನು ಮತ್ತೆ ಎಳೆದುಕೊಳ್ಳುತ್ತದೆ.

ಇದರ ಇತಿಹಾಸದಲ್ಲಿ ನನ್ನನ್ನು ಹಿಡಿದ ಸಂಗತಿ ಒಂದಿದೆ. ಇದು ಪೂರಾ ಪರಊರಿನಲ್ಲಿ ಬದುಕಿದವರ ಕತೆ. 1885ರಲ್ಲಿ ಬ್ರಿಟಿಷರು ಮಂಡಾಲೆ ಹಿಡಿದು ಬರ್ಮಾದ ಕಡೆಯ ದೊರೆ ಥೀಬಾನನ್ನು ದೇಶ ಬಿಡಿಸಿ ನಮ್ಮ ಕೊಂಕಣದ ರತ್ನಾಗಿರಿಯಲ್ಲಿ ತಂದಿಟ್ಟರು. 1916ರಲ್ಲಿ ಆತ ಅಲ್ಲೇ ಸತ್ತ. ಧರ್ಮಕ್ಕೆ ಆಸರೆಯಾಗಿದ್ದ ಅರಸು ಹೋದ ಮೇಲೆ, ಧರ್ಮವನ್ನು ಉಳಿಸುವ ಕೆಲಸ ಸಾಮಾನ್ಯ ಗೃಹಸ್ಥರದೇ ಅಂತ ಹೇಳಿಕೊಂಡು ಊರೂರು ತಿರುಗಿದವರಲ್ಲಿ ಲೇಡಿ ಸಯಾಡೊ ಎಂಬ ಭಿಕ್ಷು ಮುಖ್ಯರು. ಅವರ ಪಾಠ ಥೆಟ್‌ಜಿ ಎಂಬ ರೈತನಿಗೆ, ಅವನಿಂದ ಊ ಬಾ ಖಿನ್ ಎಂಬ ಸರಕಾರಿ ನೌಕರನಿಗೆ ಬಂತು. ಈ ಊ ಬಾ ಖಿನ್ ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್ ಆಗಿದ್ದವರು. ಆಫೀಸಿನಲ್ಲೇ ನೌಕರರನ್ನು ಧ್ಯಾನಕ್ಕೆ ಕೂರಿಸುತ್ತಿದ್ದರು. ಮಂಡಾಲೆಯಲ್ಲಿ 1924ರಲ್ಲಿ ಹುಟ್ಟಿದ ಮಾರವಾಡಿ ವ್ಯಾಪಾರಿ ಗೋಯೆಂಕಾ, ತಲೆಶೂಲೆ ತಾಳಲಾರದೆ ಇವರ ಹತ್ತಿರ 1955ರಲ್ಲಿ ಹೋದದ್ದು. 1969ರಲ್ಲಿ ಭಾರತಕ್ಕೆ ಬಂದರು. ಇಲ್ಲಿದ್ದ ತಾಯಿಗೆ ಆರಾಮ ಇರಲಿಲ್ಲ, ಆಕೆಗೆ ಈ ವಿದ್ಯೆ ಕಲಿಸಬೇಕೆಂಬುದು ಬಂದ ಕಾರಣಗಳಲ್ಲಿ ಒಂದು. ಆ ವರ್ಷವೇ ಮುಂಬಯಿಯ ಒಂದು ಧರ್ಮಶಾಲೆಯಲ್ಲಿ ಹದಿನಾಲ್ಕು ಮಂದಿಯ ಮೊದಲ ಶಿಬಿರ ನಡೆಯಿತು. ಅವರ ತಂದೆತಾಯಿಯೂ ಅದರಲ್ಲಿ ಇದ್ದರು. ತಾಯಿಯ ಈ ಸಂಗತಿಯನ್ನು ಓದುಗರು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಪ್ರವಚನದಲ್ಲಿ ಈ ಚರಿತ್ರೆ ಬೇರೆ ಬಣ್ಣದಲ್ಲಿ ಬರುತ್ತದೆ. ಬುದ್ಧನ ಶುದ್ಧ ವಿದ್ಯೆ ಭಾರತದಲ್ಲಿ ಅಳಿದುಹೋಗಿ, ಬರ್ಮಾದಲ್ಲಿ ಗುರುಶಿಷ್ಯ ಪರಂಪರೆಯಾಗಿ ಒಂದು ಎಳೆಯೂ ಕಡಿಯದೆ ಉಳಿದು ಬಂತು ಅನ್ನುತ್ತಾರೆ. ಲೇಡಿ ಸಯಾಡೊಗಿಂತ ಹಿಂದಕ್ಕೆ ಹೋದರೆ ಆ ಸರಪಳಿಯ ಕೊಂಡಿಗಳಿಗೆ ಹೆಸರು ಸಿಗುವುದಿಲ್ಲ. ಗೃಹಸ್ಥರು ಗುಂಪುಗುಂಪಾಗಿ ಧ್ಯಾನಕ್ಕೆ ಕೂಡುವ ಈ ಕ್ರಮ ನೂರು ಚಿಲ್ಲರೆ ವರ್ಷದ್ದು, ಆಳಿದವರ ಪೆಟ್ಟು ತಿಂದ ಜನ ಕಟ್ಟಿಕೊಂಡದ್ದು. ಅದನ್ನು ಹಾಗೇ ಹೇಳಿದ್ದರೆ ಅದರ ಬೆಲೆ ಕಡಿಮೆ ಆಗುತ್ತಿರಲಿಲ್ಲ, ನನ್ನಂಥವನಿಗೆ ಹೆಚ್ಚೇ ಆಗುತ್ತಿತ್ತು. ‘ಇದು ಪಂಥ ಅಲ್ಲ, ಕರ್ಮಕಾಂಡ ಅಲ್ಲ, ವಿಜ್ಞಾನ’ ಅನ್ನುವ ಮಾತಿಗೂ ಇದೇ ತಕರಾರು. ಶರಣು ಹೋಗುವ ವಿಧಿ ಇದೆ, ಪಾಲಿ ಪಠಣ ಇದೆ, ಕಡೆಗೆ ಎಲ್ಲರೂ ಮೂರು ಸಲ ‘ಸಾಧು’ ಅನ್ನುವುದಿದೆ. ಇರಲಿ, ಅದರಲ್ಲಿ ತಪ್ಪೇನಿಲ್ಲ. ಇದ್ದದ್ದನ್ನು ಇಲ್ಲ ಅನ್ನುವುದು ಯಾಕೆ?

ಈಗ ಅಲ್ಲಿನ ಸಮುದಾಯ ಜೀವನ. ನೂರು ಮಂದಿ ಒಂದೇ ಸೂರಿನಡಿ ಉಣ್ಣುತ್ತಾರೆ, ಒಂದೇ ನಲ್ಲಿಯಲ್ಲಿ ತಾಟು ತೊಳೆಯುತ್ತಾರೆ, ಆದರೆ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲ. ಕಣ್ಣಿಗೆ ಕಣ್ಣು ಕೊಡುವಂತಿಲ್ಲ. ಗಂಡಸರ ಅಂಗಳ ಬೇರೆ, ಹೆಂಗಸರ ಅಂಗಳ ಬೇರೆ. ಮೊದಲೆರಡು ದಿನ ನನಗೆ ಇದು ಲೋಕಲ್ ಗಾಡಿಗಿಂತ ಬೇರೆ ಏನಲ್ಲ ಅನಿಸಿತ್ತು. ಡೊಂಬಿವಲಿಯಿಂದ ಭುಜಕ್ಕೆ ಭುಜ ಹಚ್ಚಿ ನಿಂತು, ಯಾರು ಏನು ಗೊತ್ತಿಲ್ಲದೆ ಇಳಿದುಹೋಗುವ ಬದುಕೇ ನಮ್ಮದು. ಅದಕ್ಕೆ ಇಷ್ಟು ದೂರ ಬರಬೇಕಿತ್ತೇ? ಆಮೇಲೆ ಬೇರೆಯೇ ಒಂದು ಅನುಭವವಾಯಿತು. ಪರಊರಿನಲ್ಲಿ ನಾವು ದಿನವಿಡೀ ಬೇರೆಯವರ ಭಾಷೆಯಲ್ಲಿ ನಮ್ಮನ್ನು ಸಮರ್ಥಿಸಿಕೊಳ್ಳುತ್ತ ಇರುತ್ತೇವೆ. ಮರಾಠಿಯಲ್ಲಿ ‘ಳ’ ಸರಿಯಾಗಿ ಬಂತೇ, ಹಿಂದಿಯಲ್ಲಿ ಲಿಂಗ ತಪ್ಪಿತೇ, ಇದೇ ಚಿಂತೆ. ಮೌನದಲ್ಲಿ ಆ ಚಾಕರಿ ನಿಂತಿತು. ನಾಲ್ಕನೆಯ ದಿನಕ್ಕೆ ತಲೆಯೊಳಗೆ ಬರೀ ಕನ್ನಡ ಉಳಿಯಿತು, ಅದೂ ಧಾರವಾಡದ ಓಣಿಯ ಕನ್ನಡ.

ಹತ್ತನೆಯ ದಿನ ಮೌನ ಮುರಿದಾಗ ನಡೆದದ್ದನ್ನು ನೋಡಬೇಕು. ಅರ್ಧ ತಾಸಿನಲ್ಲಿ ಆ ಅಂಗಳ ಭಾಷಾವಾರು ಪ್ರಾಂತವಾಯಿತು. ಗುಜರಾತಿಗಳು ಒಂದು ಮರದಡಿ, ಮರಾಠಿಗರು ಕಟ್ಟೆಯ ಮೇಲೆ, ಇಂಗ್ಲಿಷಿನವರು ಚಹಾದ ಹತ್ತಿರ. ನಾನು ಒಬ್ಬನೇ ನಿಂತಿದ್ದೆ. ಒಂಬತ್ತು ದಿನ ನನ್ನ ಬಲಗಡೆ ಕೂತಿದ್ದ ಮನುಷ್ಯ ಬಂದು, “ಯಾವೂರವ್ರೀ ನೀವು?” ಅಂದ. ನನಗೆ ಬಾಯಿ ಬರಲಿಲ್ಲ. “ನಾಕನೇ ದಿನ ಏಳೂವಾಗ ಮೊಣಕಾಲು ಹಿಡಕೊಂಡು ‘ಯವ್ವಾ’ ಅಂದ್ರಲ್ರೀ, ಆವಾಗ್ಲೇ ಗೊತ್ತಾತು ನಮ್ಮ ಕಡೀ ಮಂದಿ ಅಂತ.” ಆತ ಇಂಡಿ ತಾಲೂಕಿನವ. ಕಲ್ಯಾಣದಲ್ಲಿ ಟೆಂಪೊ ಓಡಿಸುತ್ತಾನೆ.

ನಾವಿಬ್ಬರೂ ಮಾತಾಡುತ್ತಿರುವಾಗ ಒಬ್ಬ ಹಿರಿಯರು ಬಂದು ನಗುನಗುತ್ತ ನನ್ನ ಅಡ್ಡಹೆಸರು ಕೇಳಿದರು. ಹೇಳಿದೆ. ಅವನ ಕಡೆ ತಿರುಗಿ ಅವನದೂ ಕೇಳಿದರು. ಆತ ಹೆಸರಷ್ಟೇ ಹೇಳಿದ. ಅವರು ಮತ್ತೊಮ್ಮೆ ಕೇಳಿ, ಉತ್ತರ ಬಾರದೆ, ಆಚೆ ಹೋದರು. ಆಮೇಲೆ ಆತ ಮೆಲ್ಲಗೆ ಅಂದ: “ಒಂಬತ್ತ ದಿನ ಭಾಳ ಚಲೋ ಇತ್ರೀ. ಯಾರೂ ಅಡ್ಡಹೆಸರು ಕೇಳಲಿಲ್ಲ.”

ಈ ಕಾರ್ಯಕ್ರಮದ ಬಗ್ಗೆ ನಾನು ಕೇಳಿದ ಅತಿ ದೊಡ್ಡ ಹೊಗಳಿಕೆಯೂ ಇದೇ, ಅತಿ ದೊಡ್ಡ ಟೀಕೆಯೂ ಇದೇ. ಜಾತಿ ಅಲ್ಲಿ ಮೌನದಲ್ಲಿ ಮಲಗಿರುತ್ತದೆ, ಮೌನ ಮುರಿದ ಕೂಡಲೇ ಏಳುತ್ತದೆ. ಆತ ತನ್ನ ವಸತಿಯ ಬುದ್ಧವಿಹಾರಕ್ಕೂ ಹೋಗುವವ. “ಅಲ್ಲಿ ಧ್ಯಾನ ಕಡಿಮಿರೀ, ಮೀಟಿಂಗ್ ಭಾಳ” ಅಂತ ನಕ್ಕ. ರೇಶನ್ ಕಾರ್ಡಿನ ಅರ್ಜಿ, ಮಕ್ಕಳ ಫೀ, ಡಿಸೆಂಬರ್ ಆರಕ್ಕೆ ಚೈತ್ಯಭೂಮಿಗೆ ಹೋಗುವ ತಯಾರಿ, ಎಲ್ಲ ಅಲ್ಲೇ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧರಾದ ಅಂಬೇಡ್ಕರರು, ತಾವು ತೀರಿದ ಮೇಲೆ 1957ರಲ್ಲಿ ಹೊರಬಂದ ‘ಬುದ್ಧ ಮತ್ತು ಅವನ ಧಮ್ಮ’ದ ಪೀಠಿಕೆಯಲ್ಲೇ ಒಂದು ಪ್ರಶ್ನೆ ಎತ್ತಿದ್ದಾರೆ: ಭಿಕ್ಷು ತನ್ನ ಪರಿಪೂರ್ಣತೆಗಾಗಿ ಇರುವವನೋ, ಸಮಾಜದ ಸೇವೆಗಾಗಿ ಇರುವವನೋ? ಆ ಪ್ರಶ್ನೆ ಹತ್ತು ದಿನದ ಪಾಠದಲ್ಲಿ ಏಳುವುದಿಲ್ಲ. ದುಃಖ ಎಂದರೆ ಮೈಯೊಳಗಿನ ವೇದನೆಗೆ ಮನಸ್ಸು ಕೊಡುವ ಪ್ರತಿಕ್ರಿಯೆ, ಅಲ್ಲಿಗೆ ಮುಗಿಯಿತು. ಅಡ್ಡಹೆಸರು ಕೇಳಿದವನ ಮನಸ್ಸಿನಲ್ಲಿ ಏನಿತ್ತೋ ಅದನ್ನು ಸರಿಮಾಡುವ ಭಾರವೂ ಕೇಳಿಸಿಕೊಂಡವನ ಸಮತೆಯ ಮೇಲೇ ಬೀಳುತ್ತದೆ. ಈ ಕೇಂದ್ರಗಳವರು ಹೊರಗಿನ ಲೋಕ ಬಿಟ್ಟವರೂ ಅಲ್ಲ. 1994ರಲ್ಲಿ ತಿಹಾರ ಜೈಲಿನೊಳಗೆ ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಕೂರಿಸಿದ್ದರು. ಅಂಥ ಧೈರ್ಯ ಇದ್ದವರು ಈ ಪ್ರಶ್ನೆಯನ್ನೂ ಎದುರಿಸಬಲ್ಲರು ಎಂಬ ನಂಬಿಕೆಯಿಂದಲೇ ಹೇಳುತ್ತಿದ್ದೇನೆ.

ಇನ್ನು ನನ್ನ ಸ್ವಂತದ ಮಾತು. ಒಳಗೆ ಹೋಗುವಾಗ ಮೊಬೈಲು ಆಫೀಸಿನಲ್ಲಿ ಕೊಡಬೇಕು. ತುರ್ತಿಗೆ ಅಂತ ಅವರ ನಂಬರು ಮನೆಗೆ ಕೊಟ್ಟಿದ್ದೆ. ಏಳನೆಯ ದಿನ ಧಾರವಾಡದಲ್ಲಿ ಅವ್ವನಿಗೆ ಉಸಿರು ಹಿಡಿದು ದವಾಖಾನೆಗೆ ಹಾಕಿದರು. ತಮ್ಮ ಫೋನು ಮಾಡಿದ. ಆಫೀಸಿನವರು, “ಅವರ ಸಾಧನೆ ಆಳಕ್ಕೆ ಹೋಗಿರುವ ಹೊತ್ತು. ತೀರಾ ತುರ್ತಿದ್ದರೆ ಹೇಳಿ, ಕರೆಯುತ್ತೇವೆ” ಅಂದರಂತೆ. ತಮ್ಮ ಗೊಂದಲದಲ್ಲಿ “ಇರಲಿ ಬಿಡ್ರಿ” ಅಂದ. ನನಗೆ ಗೊತ್ತಾದದ್ದು ಹತ್ತನೆಯ ದಿನ, ಮೊಬೈಲು ಕೈಗೆ ಬಂದಾಗ. ಅಷ್ಟೊತ್ತಿಗೆ ಅವ್ವ ಮನೆಗೆ ಬಂದಿದ್ದಳು. ಯಾರ ಮೇಲೂ ಸಿಟ್ಟಿಲ್ಲ, ಅವರ ಮನಸ್ಸು ಒಳ್ಳೆಯದೇ. ಆದರೆ ಏಳನೆಯ ದಿನ ನಾನು ಅನುಭವಿಸಿದ ಶಾಂತಿ ಇವತ್ತಿಗೂ ನನಗೆ ನಾಚಿಕೆ ತರುತ್ತದೆ. ಸುದ್ದಿ ಗೊತ್ತಿದ್ದೂ ಅಲುಗದೆ ಕೂತಿದ್ದರೆ ಅದು ಸಮತೆ. ಗೊತ್ತಿಲ್ಲದೆ ಕೂತದ್ದು ಬರೀ ಬಾಗಿಲು ಹಾಕಿಕೊಂಡದ್ದು. ಊರಲ್ಲೇ ಇದ್ದವನಿಗೆ ಮೊಬೈಲು ಒಂದು ಚಟ ಇರಬಹುದು. ಪರಊರಿನಲ್ಲಿ ಇದ್ದವನಿಗೆ ಅದು ಅವ್ವನ ಸೆರಗಿನ ತುದಿ. ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಬೀಗ ಹಾಕುವ ನಿಯಮವನ್ನು ಮತ್ತೆ ಯೋಚಿಸಬೇಕು. ತಾಯಿಗಾಗಿ ಸಮುದ್ರ ದಾಟಿ ಬಂದವರ ಹೆಸರಿನಲ್ಲಿ ನಡೆಯುವ ಕೆಲಸ ಇದು.

ಆ ರಾತ್ರಿಯೇ ಬಸ್ಸು ಹಿಡಿದು ಧಾರವಾಡಕ್ಕೆ ಹೋದೆ. ಅವ್ವ ಜಗಲಿಯ ಮೇಲೆ ದಿಂಬಿಗೆ ಒರಗಿದ್ದಳು. ತಮ್ಮ ಎಲ್ಲ ಹೇಳಿದ್ದ. ನನ್ನ ಮುಖ ನೋಡಿ, “ಹತ್ತ ದಿನ ಸುಮ್ಮ ಕೂತಿದ್ಯಂತಲ್ಲೋ” ಅಂದಳು. “ಹೂಂ” ಅಂದೆ. “ಇಲ್ಲೆ ಬಂದಾಗ ನನ್ನ ಹತ್ರ ಹತ್ತ ನಿಮಿಷ ಕೂಡಂಗಿಲ್ಲ ನೀನು.”

ಉತ್ತರ ಇರಲಿಲ್ಲ. ಅವತ್ತು ಮಧ್ಯಾಹ್ನ ಅವಳ ಪಕ್ಕದಲ್ಲಿ ಕೂತೆ. ಅವಳ ಉಸಿರು ಒಳಗೆ ಹೋಗುವುದು, ಹೊರಗೆ ಬರುವುದು ಕೇಳುತ್ತಿತ್ತು. ಒಂದು ತಾಸು ಅಲುಗದೆ ಕೂಡಲು ನನಗೆ ಆಗ ಬರುತ್ತಿತ್ತು, ಆ ಹತ್ತು ದಿನವೇ ಕಲಿಸಿತ್ತು. ಅದಕ್ಕೇ ಅಲ್ಲಿಗೆ ಹೋಗಬೇಡಿ ಅಂತ ನಾನು ಯಾರಿಗೂ ಹೇಳಲಾರೆ. ಹೋಗುವವರು ಅರ್ಜಿಯಲ್ಲಿ ತಮ್ಮ ಮನಸ್ಸಿನ ಕಾಯಿಲೆ, ಔಷಧಿ ಇದ್ದರೆ ಮುಚ್ಚಿಡದೆ ಬರೆಯಿರಿ, ಅದನ್ನು ಅವರು ಕೇಳುವುದು ಕಾರಣವಿದ್ದೇ. ಮನೆಯವರಿಗೆ ಮಾತ್ರ ಮೊದಲೇ ಹೇಳಿ ಹೋಗಿರಿ: ‘ಏನಾದರೂ ಆದರೆ ಸಂಕೋಚ ಬ್ಯಾಡ, ನನ್ನ ಎಬ್ಬಸ್ರಿ.’