ಎದುರು ಪದ ಇಲ್ಲದ ನಗು

ಹಾಸ್ಟೆಲಿಗೆ ಸೇರಿದ ಮೊದಲ ವಾರ ಯಾರೋ ನನ್ನ ಊರು ಕೇಳಿದರು. ಬೈರಮಂಗಲ ಎಂದೆ. ‘ಮೂಗು ಮುಚ್ಕೊಳ್ರೋ’ ಎಂದ ಒಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಕೆಂಗೇರಿ, ಬಿಡದಿಯ ಕಡೆಯಿಂದ ಹರಿದು ನಮ್ಮೂರಿನ ಕೆರೆಗೆ ಬಂದು ಸೇರುತ್ತದೆ. ನೊರೆಯೂ ನಿಜ, ನಾತವೂ ನಿಜ. ಅವನು ಸುಳ್ಳು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ನಿಜವನ್ನೇ ತಮಾಷೆ ಮಾಡಿದಾಗ ನಗದೆ ಕೂತವನು ‘ತಮಾಷೆ ತಿಳಿಯದವನು’ ಆಗಿಬಿಡುತ್ತಾನೆ. ಒಟ್ಟಿಗೆ ಇರಬೇಕಾದ ಜಾಗದಲ್ಲಿ ಆ ಬಿರುದು ಯಾರಿಗೂ ಬೇಡ.

ರಡ್ಯಾರ್ಡ್ ಕಿಪ್ಲಿಂಗನ ‘ದ ಮದರ್ ಲಾಡ್ಜ್’ ಪದ್ಯವನ್ನು ಈಚೆಗೆ ಮತ್ತೆ ಓದುವಾಗ ಆ ನಗು ನೆನಪಾಯಿತು. ನಮ್ಮ ಕಡೆ ಲಾಡ್ಜ್ ಎಂದರೆ ಒಂದು ರಾತ್ರಿ ತಂಗುವ ಹೋಟೆಲು. ಇಲ್ಲಿನ ಲಾಡ್ಜ್ ಫ್ರೀಮೇಸನ್ ಸಂಘದ ಶಾಖೆ, ಸದಸ್ಯರೆಲ್ಲ ಒಬ್ಬರಿಗೊಬ್ಬರು ‘ಬ್ರದರ್’ ಎಂದು ಕರೆದುಕೊಳ್ಳುವ ಜಾಗ. ಕಿಪ್ಲಿಂಗ್ 1886ರಲ್ಲಿ ಲಾಹೋರಿನ ‘ಹೋಪ್ ಅಂಡ್ ಪರ್ಸಿವಿಯರೆನ್ಸ್’ ಲಾಡ್ಜ್ ಸೇರಿದ. ಆಗ ಅವನಿಗೆ ಇಪ್ಪತ್ತೇ ವರ್ಷ. ಹಿಂದೂ, ಮುಸ್ಲಿಂ, ಸಿಖ್, ಯಹೂದಿ ಎಲ್ಲರನ್ನೂ ಅಲ್ಲಿ ಭೇಟಿಯಾದೆ ಎಂದು ತನ್ನ ಆತ್ಮಕಥನದಲ್ಲಿ ನೆನೆಯುತ್ತಾನೆ. 1896ರ ‘ದ ಸೆವೆನ್ ಸೀಸ್’ ಸಂಕಲನದಲ್ಲಿರುವ ಈ ಪದ್ಯ ಅದೇ ನೆನಪನ್ನು ಸಾಮಾನ್ಯ ಸೈನಿಕನೊಬ್ಬನ ಆಡುಮಾತಿಗೆ ಇಳಿಸುತ್ತದೆ. ಸ್ಟೇಷನ್ ಮಾಸ್ಟರ್, ಜೈಲಿನವನು, ಪಾರ್ಸಿ ಅಂಗಡಿಕಾರ, ಲೆಕ್ಕ ಬರೆಯುವ ಭೋಲಾನಾಥ, ಸರ್ವೆ ಕಚೇರಿಯ ದಿನ್ ಮಹಮ್ಮದ್, ಏಡನ್ನಿನ ಯಹೂದಿ, ಸಿಖ್ಖರ ಅಮೀರ್ ಸಿಂಗ್ ಎಲ್ಲರೂ ಅದರಲ್ಲಿದ್ದಾರೆ. ಬಾಗಿಲ ಹೊರಗೆ ಸಲಾಮು, ಒಳಗೆ ಅಣ್ಣತಮ್ಮಂದಿರು.

ಇದನ್ನು ಸೌಹಾರ್ದದ ಪದ್ಯವೆಂದು ಓದುವವರಿದ್ದಾರೆ. ಆ ಓದು ಪೂರ್ತಿ ತಪ್ಪಲ್ಲ. ಲಾಡ್ಜಿನ ಬಾಗಿಲು ಭಾರತೀಯರಿಗೆ ಸುಲಭವಾಗಿ ತೆರೆದಿರಲಿಲ್ಲ. ಅನೇಕ ದೇವರನ್ನು ನಂಬುವ ಹಿಂದೂಗಳು ಸದಸ್ಯರಾಗಬಹುದೇ ಎಂಬ ತಕರಾರು ವರ್ಷಗಟ್ಟಲೆ ನಡೆದ ಮೇಲೆಯೇ, 1872ರಲ್ಲಿ, ಕಲ್ಕತ್ತೆಯ ಪ್ರಸನ್ನಕುಮಾರ ದತ್ತ ಒಳಗೆ ಬಂದರು. ಆ ಹಿನ್ನೆಲೆಯಲ್ಲಿ ಲಾಹೋರಿನ ಈ ಕೂಟ ಸಣ್ಣ ಸಂಗತಿಯಲ್ಲ. ಪದ್ಯ ತನ್ನ ಮಿತಿಯನ್ನೂ ಮುಚ್ಚಿಡುವುದಿಲ್ಲ. ಯಾರದೋ ಜಾತಿ ಕೆಟ್ಟೀತು ಎಂದು ಇವರು ಒಟ್ಟಿಗೆ ಊಟ ಹಾಕಿಸಲಾರರು. ಕೆಲಸ ಮುಗಿದ ಮೇಲೆ ಬರೀ ಮಾತು: ಒಬ್ಬೊಬ್ಬರೂ ತಮಗೆ ಗೊತ್ತಿರುವ ದೇವರ ವಿಷಯ ಆಡುತ್ತಾರೆ. ಮನೆಗೆ ಹೊರಟ ಸೈನಿಕನ ತಲೆಯಲ್ಲಿ ಮೂರು ಮತದ ದೇವರುಗಳು ಕಾವಲುಗಾರರ ಹಾಗೆ ಸರದಿ ಬದಲಿಸುತ್ತಾರೆ.

ದೇವರನ್ನು ಪಹರೆಗೆ ನಿಲ್ಲಿಸುವ ಈ ತಮಾಷೆಯಲ್ಲಿ ಕೆಡುಕಿಲ್ಲ, ಪ್ರೀತಿಯೇ ಇದೆ. ನನ್ನನ್ನು ತಡೆಯುವುದು ಬೇರೆ. ಪದ್ಯದಲ್ಲಿ ಇಷ್ಟು ಜನರ ಹೆಸರಿದೆ, ಅವರು ಮಾತಾಡಿದರೆಂಬ ವರದಿಯಿದೆ, ಆದರೆ ಅವರ ಬಾಯಿಂದ ಒಂದು ಮಾತೂ ನಮಗೆ ಕೇಳಿಸುವುದಿಲ್ಲ. ಶಿವನನ್ನು ಸೈನಿಕ ಕಾವಲಿಗೆ ನಿಲ್ಲಿಸಬಹುದು. ಸೈನಿಕನ ದೇವರನ್ನು ಭೋಲಾನಾಥ ಲೆಕ್ಕದ ಪುಸ್ತಕ ಬರೆಯಲು ಕೂರಿಸಿದ್ದರೆ? ಆಗಲೂ ಸೈನಿಕ ಇಷ್ಟೇ ಹಗುರಾಗಿ ಮನೆಗೆ ಹೋಗುತ್ತಿದ್ದನೇ? ಪದ್ಯ ಆ ಪ್ರಶ್ನೆಯ ಹತ್ತಿರ ಸುಳಿಯುವುದಿಲ್ಲ. ಅಲ್ಲಿ ನಗಿಸುವ ಹಕ್ಕು ಒಬ್ಬನದೇ.

ನಮ್ಮ ಸೀಮೆಯ ಮದುವೆಗಳಲ್ಲಿ ಬೀಗರ ಪದ ಕೇಳಿ ಬೆಳೆದವರಿಗೆ ಈ ಕೊರತೆ ಬೇಗ ಕಾಣುತ್ತದೆ. ಗಂಡಿನ ಕಡೆಯವರು ಉಂಡ ಮುದ್ದೆಯ ಲೆಕ್ಕ, ತಂದ ಸೀರೆಯ ಅಗ್ಗ, ಬೀಗಿತ್ತಿಯ ಮೂಗು, ನಡಿಗೆ ಯಾವುದನ್ನೂ ಬಿಡದೆ ಹೆಣ್ಣಿನ ಕಡೆಯ ಹೆಂಗಸರು ಹಾಡುತ್ತಾರೆ. ಬರೀ ಮಾತನ್ನು ತೂಗಿದರೆ ಹಾಸ್ಟೆಲಿನ ತಮಾಷೆ ಅದರ ಮುಂದೆ ಏನೂ ಅಲ್ಲ. ಆದರೆ ಪದ ಮುಗಿಯುತ್ತಿದ್ದಂತೆ ಆ ಕಡೆಯ ಬೀಗಿತ್ತಿ ಸೆರಗು ಸಿಕ್ಕಿಸಿಕೊಂಡು ಎದುರು ಪದ ಎತ್ತುತ್ತಾಳೆ. ಈಗ ಇವರ ಮೂಗು, ಇವರ ಮುದ್ದೆ. ಮಾನವಶಾಸ್ತ್ರಜ್ಞ ರಾಡ್‌ಕ್ಲಿಫ್-ಬ್ರೌನ್ 1940ರ ಲೇಖನವೊಂದರಲ್ಲಿ ಇಂಥ ಸಂಬಂಧಗಳನ್ನು ಚರ್ಚಿಸಿದ್ದಾನೆ. ಹೊಸದಾಗಿ ಕೂಡಿದ ಎರಡು ಕಡೆಯವರ ನಡುವೆ ನಂಟೂ ಇರುತ್ತದೆ, ಜಗಳದ ಸಾಧ್ಯತೆಯೂ ಇರುತ್ತದೆ. ಒಪ್ಪಿತವಾದ ಹೀಯಾಳಿಕೆ ಎರಡನ್ನೂ ತೂಗಿಸುತ್ತದೆ ಎಂಬುದು ಅವನ ವಾದ. ನಮ್ಮ ಅಜ್ಜಿಯರು ಲೇಖನ ಬರೆಯಲಿಲ್ಲ, ಹಾಡಿ ತೋರಿಸಿದರು. ಬೈಗುಳ ಎಷ್ಟು ಖಾರ ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ಎದುರು ಪದಕ್ಕೆ ಜಾಗ ಬಿಟ್ಟಿದೆಯೇ ಎಂಬುದೇ ಅಲ್ಲಿನ ಕಟ್ಟಳೆ.

ಇಲ್ಲಿಗೇ ನಿಲ್ಲಿಸಿದರೆ ಲೇಖನ ಚೆನ್ನಾಗಿ ಮುಗಿಯುತ್ತದೆ: ಸಾಮ್ರಾಜ್ಯದ ಕವಿಗೆ ತಿಳಿಯದ್ದು ನಮ್ಮ ಜನಪದಕ್ಕೆ ತಿಳಿದಿತ್ತು ಎಂದು. ನಮ್ಮ ಜಾನಪದ ಅಧ್ಯಯನಗಳು ಹೀಗೆ ಮುಗಿಯುವುದೂ ಉಂಟು. ಆದರೆ ಬೀಗರಾಗುವವರು ಯಾರು? ಒಂದೇ ಜಾತಿಯವರು. ಜೊತೆಗೆ ಕೂತು ಉಣ್ಣುವವರ ನಡುವೆ ಮಾತ್ರ ಎದುರು ಪದ. ಕೇರಿಯ ಆಚೆಗೆ ಹೋದ ತಮಾಷೆ ಬಹಳ ಕಾಲ ಒಂದೇ ದಿಕ್ಕಿನಲ್ಲಿ ಹೋಗಿದೆ. ಜಾತಿಯ ಹೆಸರೇ ಬೈಗುಳವಾದದ್ದು, ಗಾದೆಯಾದದ್ದು ಹಾಗೆಯೇ. ಕೇಳಿಸಿಕೊಂಡವನು ಆಗ ನನ್ನ ಹಾಗೆಯೇ ಹಲ್ಲು ಬಿಟ್ಟಿರಬೇಕು. ಅವನ ನಗುವನ್ನು ಒಪ್ಪಿಗೆಯೆಂದು ಊರು ಎಣಿಸಿತು.

ಹಾಗಾಗಿ ಲಾಡ್ಜನ್ನೂ ಚಪ್ಪರವನ್ನೂ ಎದುರುಬದುರು ಇಟ್ಟು ನೋಡಬೇಕು. ಲಾಡ್ಜ್ ಬೇರೆ ಬೇರೆಯವರನ್ನು ಒಂದು ಕೋಣೆಗೆ ತಂದಿತು, ಸರದಿ ಕೊಡಲಿಲ್ಲ. ಚಪ್ಪರ ಸರದಿ ಕೊಟ್ಟಿತು, ಬೇರೆಯವರನ್ನು ಒಳಗೆ ಬಿಡಲಿಲ್ಲ. ಈ ಎರಡೂ ಕೂಡುವುದು ಕನ್ನಡದಲ್ಲಿ ನನಗೆ ಕಾಣುವುದು ದಲಿತ ಬರಹದ ನಗೆಯಲ್ಲಿ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಕದ್ದು ತಂದ ಕಡಲೆಕಾಯಿಯನ್ನು ಸಾಕವ್ವನ ಮನೆಮಂದಿಯೆಲ್ಲ ರಾತ್ರಿ ಕೂತು ತಿನ್ನುತ್ತಾರೆ. ಹಸಿದವರ ಆ ಸಂಭ್ರಮದ ನಡುವೆ ನಗುವ ನಾವು ಸಾಹುಕಾರನ ಕಡೆ ನಿಂತು ನಗಲಾಗುವುದಿಲ್ಲ. ಅಷ್ಟು ದಿನ ಯಾರ ಮೇಲೆ ತಮಾಷೆ ನಡೆದಿತ್ತೋ ಅವರ ಸರದಿ ಅಲ್ಲಿ ಬಂದಿದೆ. ನೋಯಿಸುವ ಹಾಸ್ಯದ ಬಗ್ಗೆ ನಾವು ಈಗ ಆಡುವ ಜಗಳಗಳಲ್ಲಿ ‘ಏನು ಹೇಳಬಹುದು, ಏನು ಹೇಳಬಾರದು’ ಎಂಬ ಪಟ್ಟಿಯೇ ದೊಡ್ಡದಾಗುತ್ತದೆ. ಹಾಸ್ಯದ ಪಠ್ಯವನ್ನು ಓದುವವರು ಪಟ್ಟಿಗಿಂತ ಮೊದಲು ಕೇಳಬೇಕಾದದ್ದು: ಮುಂದಿನ ಪದ ಯಾರದು?

ಹಾಸ್ಟೆಲಿನ ತಮಾಷೆ ಎರಡು ವರ್ಷ ನಡೆಯಿತು. ಒಂದು ರಾತ್ರಿ ಊಟದ ಸಾಲಿನಲ್ಲಿ, ಯೋಚಿಸದೆಯೇ, ಬಾಯಿಂದ ಬಂತು: ‘ನಾತ ನಮ್ಮೂರಲ್ಲಿರೋದು ನಿಜ ಕಣಪ್ಪ. ಆದ್ರೆ ಅದು ನಿಮ್ಮನೆ ಬಚ್ಚಲಿಂದ ಹೊರಟಿದ್ದು.’ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೊದಲು ನಕ್ಕವನು ಬೆಂಗಳೂರಿನ ಆ ಗೆಳೆಯನೇ. ಮುಂದೆಯೂ ಅವನು ನನ್ನ ಊರನ್ನು ಆಡಿಕೊಂಡ, ನಾನು ಅವನ ಬಚ್ಚಲನ್ನು. ಕೆರೆಯ ನೊರೆ ಇದರಿಂದ ಕಡಿಮೆಯಾಗಲಿಲ್ಲ. ಆದರೆ ಆ ನೊರೆ ಯಾರದು ಎಂಬ ಮಾತು ನಮ್ಮಿಬ್ಬರ ನಡುವೆ ಶುರುವಾದದ್ದು ಅಂದೇ.