ಎಂಜಿನ್ ಸಿಗದ ಮರುತ್

ಎಚ್‌ಎಫ್-24 ಮರುತ್ ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ ರೂಪುಗೊಂಡ ಜೆಟ್ ಯುದ್ಧವಿಮಾನ. 1961ರ ಜೂನ್ 17ರಂದು ಪರೀಕ್ಷಾ ಪೈಲಟ್ ಸುರಂಜನ್ ದಾಸ್ ಅದನ್ನು ಮೊದಲ ಸಲ ಹಾರಿಸಿದರು. ಅದರ ಮುಖ್ಯ ವಿನ್ಯಾಸಕ ಜರ್ಮನಿಯ ಕುರ್ಟ್ ಟ್ಯಾಂಕ್. ಮರುತ್‌ಗೆ ಒದಗಿದ ಎಂಜಿನ್ ತೊಡಕು ಅವರಿಗೆ ಹೊಸತಾಗಿರಲಿಲ್ಲ.

ಎರಡನೇ ಮಹಾಯುದ್ಧದ ಕೊನೆಗೆ, ರಾತ್ರಿ ಹೊತ್ತು ಬರುವ ಬ್ರಿಟಿಷ್ ಬಾಂಬರ್‌ಗಳನ್ನು ರಾಡಾರ್ ನೆರವಿನಿಂದ ಬೆನ್ನಟ್ಟುವ ಜೆಟ್ ವಿಮಾನಕ್ಕಾಗಿ ಜರ್ಮನ್ ಕಂಪನಿಗಳು ನಕ್ಷೆ ಬರೆದವು. ಮೂವರು ಕೂರುವ, ಬಾಲವಿಲ್ಲದ ಪಿ 215 ವಿಮಾನವನ್ನು ಬ್ಲೋಮ್ ಉಂಡ್ ಫೋಸ್ ಸೂಚಿಸಿತು. ಟ್ಯಾಂಕ್ ಇದ್ದ ಫೋಕ್-ವುಲ್ಫ್ ಕೂಡ ಸ್ಪರ್ಧೆಯಲ್ಲಿತ್ತು. ಇವುಗಳಲ್ಲಿ ಒಂದೂ ಕಾಗದ ಬಿಟ್ಟು ಮೇಲೇಳಲಿಲ್ಲ. ಪಿ 215 ಮತ್ತು ಫೋಕ್-ವುಲ್ಫ್‌ನ ಟಿಎ 183 ಎಂಬ ಹಗಲಿನ ಫೈಟರ್ ಎರಡೂ ಹೀನ್ಕೆಲ್ 011 ಎಂಜಿನ್ನನ್ನು ನಂಬಿಕೊಂಡಿದ್ದವು. ಆ ಎಂಜಿನ್ ಕೆಲವು ಪ್ರಾಯೋಗಿಕ ಮಾದರಿಗಳಲ್ಲೇ ನಿಂತುಹೋಯಿತು.

ಯುದ್ಧಾನಂತರ ಅರ್ಜೆಂಟೀನಾದಲ್ಲಿ ಪುಲ್ಕಿ-2 ವಿಮಾನ ಕಟ್ಟಿದ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದರು. ಭಾರತೀಯ ವಾಯುಪಡೆ ಕೇಳಿದ್ದು ಶಬ್ದದ ಎರಡು ಪಟ್ಟು ವೇಗದ ವಿಮಾನ. ಹಿಂಬಾಗಿದ ರೆಕ್ಕೆ, ಹಿಂಬದಿಯಲ್ಲಿ ಜೋಡಿ ಎಂಜಿನ್ ಇರುವ ನಯವಾದ ಒಡಲನ್ನು ಟ್ಯಾಂಕ್ ತಂಡ ರೂಪಿಸಿತು. ಅದೇ ಅಳತೆಯ, ಎಂಜಿನ್ ಇಲ್ಲದ ಮರದ ಗ್ಲೈಡರ್ 1959ರಲ್ಲೇ ಹಾರಿತು. ಕಡಿಮೆ ವೇಗದಲ್ಲಿ ಒಡಲು ಸರಿಯಾಗಿ ಹಾರುತ್ತದೆ ಎನ್ನಲು ಅದು ಸಾಕ್ಷಿ.

ಎಡವಿದ್ದು ಎಂಜಿನ್‌ನಲ್ಲಿ. ಲೆಕ್ಕಕ್ಕೆ ಹಿಡಿದಿದ್ದ ಬ್ರಿಟಿಷ್ ಆರ್ಫಿಯಸ್ 12 ಸುಮಾರು 3,700 ಕೆ.ಜಿ. ನೂಕುಬಲ ಕೊಡಬೇಕಿತ್ತು. ಅದನ್ನು ಅಭಿವೃದ್ಧಿಪಡಿಸುವ ವೆಚ್ಚ ಹೊರಲು ಭಾರತ ಒಪ್ಪಲಿಲ್ಲ, ಯೋಜನೆ ಕೈಬಿಟ್ಟುಹೋಯಿತು. ಸಿಕ್ಕಿದ್ದು ಸುಮಾರು 2,200 ಕೆ.ಜಿ.ಯ ಆರ್ಫಿಯಸ್ 703. ಸೋವಿಯತ್ ಎಂಜಿನ್ ಹೊಂದಿಕೆಯಾಗಲಿಲ್ಲ. ಈಜಿಪ್ಟಿನಲ್ಲಿ ಸಿದ್ಧವಾಗುತ್ತಿದ್ದ ಇ-300 ಎಂಜಿನ್ನಿಗಾಗಿ ಒಂದು ಮರುತ್ ಅಲ್ಲಿಗೂ ಹೋಯಿತು. ಆ ಯತ್ನವೂ ಮುಂದುವರಿಯಲಿಲ್ಲ. ಹೆಚ್ಚುವರಿ ಇಂಧನ ಉರಿಸಿ ಆರ್ಫಿಯಸ್‌ನ ಬಲ ಹೆಚ್ಚಿಸುವ ಪ್ರಯೋಗದ ವಿಮಾನ 1970ರ ಜನವರಿ 10ರಂದು ಅಪಘಾತಕ್ಕೀಡಾಗಿ ಸುರಂಜನ್ ದಾಸ್ ಸಾವಿಗೀಡಾದರು.

ಹೀಗೆ ಶಬ್ದದ ಎರಡು ಪಟ್ಟು ವೇಗಕ್ಕೆ ಹುಟ್ಟಿದ ವಿಮಾನ ಶಬ್ದವೇಗದ ಆಸುಪಾಸಿಗೇ ನಿಂತಿತು. ನಾಲ್ಕು 30 ಮಿ.ಮೀ. ತೋಪುಗಳನ್ನು ಒಟ್ಟಿಗೆ ಹಾರಿಸಿದರೆ ಒಡಲು ಅದುರುತ್ತಿದ್ದುದು ಇನ್ನೊಂದು ಕೊರತೆ. ಆದರೂ ಕೆಳಮಟ್ಟದಲ್ಲಿ ಅದು ಸ್ಥಿರವಾಗಿ ಹಾರುತ್ತಿತ್ತು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಾಚೆ ನೆಲದ ಗುರಿಗಳ ಮೇಲೆ ದಾಳಿ ನಡೆಸಿತು. ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲದಲ್ಲಿ ಮರಳಿದ ನಿದರ್ಶನಗಳಿವೆ. ಎದುರಾಳಿ ವಿಮಾನಗಳನ್ನು ತಡೆಯುವ ಫೈಟರ್ ಆಗಿ ಮರುತ್ ಸೋತಿತು, ನೆಲದ ಮೇಲಿನ ದಾಳಿಗೆ ಒದಗಿಬಂತು.

ಜರ್ಮನ್ ನಕ್ಷೆಗಳಿಗೂ ಮರುತ್‌ಗೂ ಇರುವ ಸಾಮ್ಯ ಇಲ್ಲದ ಎಂಜಿನ್ನನ್ನು ಇದೆ ಎಂದು ಎಣಿಸಿದ್ದರಲ್ಲಿದೆ. ಯುದ್ಧ ಮುಗಿದಿದ್ದರಿಂದ ಜರ್ಮನ್ ನಕ್ಷೆಗಳ ಪರೀಕ್ಷೆ ನಡೆಯಲೇ ಇಲ್ಲ. ಇಂದಿಗೂ ಅವುಗಳಿಗೆ ಸಿಗುವ ಮೆಚ್ಚುಗೆಗೆ ಅದೂ ಒಂದು ಕಾರಣ. ಮರುತ್ 147ರಷ್ಟು ಸಂಖ್ಯೆಯಲ್ಲಿ ತಯಾರಾಗಿ, ಯುದ್ಧ ಕಂಡು, ತನ್ನ ಕೊರತೆಗಳನ್ನು ಬಯಲಲ್ಲಿ ತೋರಿಸಿತು. ಆ ಲೆಕ್ಕದಲ್ಲಿ ಮರುತ್‌ನ ತೂಕವೇ ಹೆಚ್ಚು. ಆದರೆ ಅದು ಬಿಟ್ಟುಹೋದ ಪ್ರಶ್ನೆ ಬೆಂಗಳೂರಿನಲ್ಲಿ ಬಗೆಹರಿದಿಲ್ಲ: 2001ರಲ್ಲಿ ಅಲ್ಲೇ ಮೊದಲು ಹಾರಿದ ತೇಜಸ್ ಯುದ್ಧವಿಮಾನ ಕೂಡ, ಸ್ವದೇಶಿ ಕಾವೇರಿ ಎಂಜಿನ್ ಕೈಗೂಡದೆ, ಅಮೆರಿಕದ ಎಂಜಿನ್ ಮೇಲೆ ಹಾರುತ್ತಿದೆ.