ಶಿಮೇನಸ್ ಪಟ್ಟಣದ ಭಿತ್ತಿಚಿತ್ರಗಳು: ಒಂದು ವಿಮರ್ಶೆ

ಕೆನಡಾ ದೇಶದ ಪಶ್ಚಿಮ ತೀರದಲ್ಲಿರುವ ವ್ಯಾಂಕೂವರ್ ದ್ವೀಪದಲ್ಲಿ ಶಿಮೇನಸ್ ಎಂಬ ಚಿಕ್ಕ ಪಟ್ಟಣವುಂಟು. ೧೮೬೨ರಿಂದ ಮರ ಕೊಯ್ಯುವ ಕಾರ್ಖಾನೆಯೇ ಅದರ ಜೀವನಾಧಾರವಾಗಿತ್ತು. ೧೯೮೩ರಲ್ಲಿ ಕಾರ್ಖಾನೆ ಮುಚ್ಚಿತು, ಊರವರು ತಮ್ಮ ಚರಿತ್ರೆಯನ್ನು ಗೋಡೆಗಳ ಮೇಲೆ ಬರೆಯಿಸಿದರು, ಪ್ರವಾಸಿಗಳು ಬಂದರು, ಊರು ಬದುಕಿತು ಎಂಬುದು ಪ್ರಸಿದ್ಧವಾದ ಕಥೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ, ಆದರೆ ಕಾಲಕ್ರಮ ಹಿಂದುಮುಂದಾಗಿದೆ. ರುಮೇನಿಯದ ಮಠಗಳ ಹೊರಗೋಡೆಯ ಚಿತ್ರಗಳನ್ನು ಕಂಡುಬಂದಿದ್ದ ಕಾರ್ಲ್ ಶುಟ್ಸ್ ಎಂಬವರ ಪ್ರೇರಣೆಯಿಂದ ಮೊದಲ ಚಿತ್ರಗಳು ಮೂಡಿದುದು ೧೯೮೨ರಲ್ಲಿ, ಅರ್ಥಾತ್ ಕಾರ್ಖಾನೆ ಮುಚ್ಚುವುದಕ್ಕೆ ಮುನ್ನವೇ. ೧೯೮೫ರಲ್ಲಿ, ಮೊದಲಿಗಿಂತ ಕಡಮೆ ಆಳುಗಳನ್ನು ಬೇಡುವ ಹೊಸ ಕಾರ್ಖಾನೆಯೊಂದೂ ತೆರೆಯಿತು. ಊರು ಉಳಿದುದಕ್ಕೆ ಚಿತ್ರಗಳೊಂದೇ ಕಾರಣವೆನ್ನುವುದು ಅತಿಶಯೋಕ್ತಿಯೇ ಸರಿ.

ಈಗ ೪೦ಕ್ಕೂ ಮಿಕ್ಕಿರುವ ಈ ಚಿತ್ರಗಳನ್ನು ಆದಾಯದ ದೃಷ್ಟಿಯಿಂದ ಹೊಗಳಿದವರು ಅನೇಕರು. ಚರಿತ್ರೆಯೆಂದು ಹೆಸರಿಟ್ಟುಕೊಂಡುದನ್ನು ಚರಿತ್ರೆಯಾಗಿಯೇ ಪರಿಶೀಲಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ದಿಮ್ಮಿಗಳನ್ನೆಳೆಯುವ ಉಗಿಯಂತ್ರ, ಹಾಂಗ್ ಹಿಂಗ್ ಎಂಬ ಚೀನೀ ವರ್ತಕನ ಕಡಲತಡಿಯ ಅಂಗಡಿ, ಪಾಲ್ ಇಗಾರ್ಟುವ ಚಿತ್ರಿಸಿದ ಮೂಲನಿವಾಸಿಗಳ ಮುಖಗಳು—ಇವೆಲ್ಲ ಆರಂಭದ ಎರಡು ವರ್ಷಗಳಲ್ಲಿಯೇ ಗೋಡೆಯನ್ನೇರಿದುವು. ಬಿಳಿಯರ ಸಾಹಸವೊಂದನ್ನೇ ಕೊಂಡಾಡದಿರುವುದು ಈ ಯೋಜನೆಯ ಹಿರಿಮೆ.

ಆದರೆ ಭಿತ್ತಿಚಿತ್ರ ಹಿಡಿಯುವುದು ಒಂದು ಕ್ಷಣವನ್ನು. ಚರಿತ್ರೆಗೆ ಬೇಕಾದುದು ಕ್ಷಣಗಳ ನಡುವಣ ಕಾರಣ. ಸ್ಟ್ಯಾನ್ಲಿ ತಾನಿವ ಅವರು ೧೯೯೧ರಲ್ಲಿ ಬರೆದ 'ಒಂಟಿ ಸ್ಕೌಟ್' ಚಿತ್ರವನ್ನು ನೋಡಿರಿ. ಜಪಾನೀ ಮೂಲದ ಸ್ಕೌಟೊಬ್ಬನ ಮುಖ ಅಲ್ಲಿದೆ. ಆ ಜನರನ್ನು ೧೯೪೨ರಲ್ಲಿ ಸರಕಾರವು ಕರಾವಳಿಯಿಂದಲೇ ಹೊರಗಟ್ಟಿತು; ಕ್ಷಮೆ ಕೇಳಿದುದು ೧೯೮೮ರಲ್ಲಿ. ಇದನ್ನರಿತವನಿಗೆ ಆ ಮುಖ ಒಂದು ಸಾಕ್ಷ್ಯ. ಅರಿಯದವನಿಗೆ ಸುಂದರವಾದ ಬಣ್ಣ ಮಾತ್ರ. ಉಗಿಯಂತ್ರದ ಚಿತ್ರವೂ ಅಷ್ಟೆ: ದುಡಿಮೆಯ ವೈಭವ ಕಾಣುತ್ತದೆ, ಆ ದುಡಿಮೆ ಹೇಗೆ ತೀರಿತೆಂಬುದು ಕಾಣುವುದಿಲ್ಲ.

ಇದು ಚಿತ್ರಕಾರರ ದೋಷವಲ್ಲ, ಪ್ರಕಾರದ ಮಿತಿ. ಆದುದರಿಂದ ಚಿತ್ರದ ಬಳಿಯ ಬರಹಕ್ಕೂ ಜತೆಯಲ್ಲಿ ನಡೆದು ವಿವರಿಸುವವನಿಗೂ ಚಿತ್ರಕಾರನಷ್ಟೇ ಹೊಣೆಯುಂಟು. ಬಯಲಿನ ಬಣ್ಣ ಬಿಸಿಲುಮಳೆಗಳಿಗೆ ಮಾಸತಕ್ಕದ್ದೇ. ಪ್ರತಿ ತಲೆಮಾರೂ ಅದನ್ನು ಮರಳಿ ಬಳಿಯಬೇಕು. ಹಾಗೆ ಬಳಿಯುವಾಗಲೆಲ್ಲ, ಗೋಡೆಯ ಮೇಲಿರುವವರು ಊರಿನಿಂದ ಏಕೆ ಮರೆಯಾದರೆಂಬ ಪ್ರಶ್ನೆಯನ್ನೂ ಊರವರು ಮರಳಿ ಕೇಳಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.